ಎರಡು ಕರಿ ಗುಂಡಿ

“ಉಳಿದೆರಡು ಕರಿ ಗುಂಡಿ ಎಲ್ಲಪ್ಪಾ?”

“ನನ್ನ ತಲೆ ಮೇಲಿವೆ, ನೋಡ್ಕೋ. ಟೈಲರ್ ಅಂಗಡೀಲಿ ಗುಂಡಿ ಹುಡುಕೋಕೆ ಬಂದಿದಾಳೆ ಮಹಾರಾಯ್ತಿ.”

“ಮಾತು ತಿರುಗಿಸಬೇಡ. ಇದರಲ್ಲಿ ಹದಿನೇಳು ಬಿಳಿ, ಮೂರು ಕರಿ ಹಾಕಿಟ್ಟು ಹೋಗಿದ್ದೆ. ಈಗ ಕರಿ ಒಂದೇ ಇದೆ.”

ಮಗಳು ಡಬ್ಬವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುರಿದಿದ್ದಳು. ಟೈಲರ್ ತಲೆ ಎತ್ತದೆ ಮಿಷನ್ ತುಳಿಯುತ್ತಲೇ ಇದ್ದ. ಸೂಜಿಯಲ್ಲಿ ದಾರವೇ ಇರಲಿಲ್ಲ.

ಅವನ ಹೆಂಡತಿಯ ಹೃದಯದ ಕವಾಟ ಕೆಟ್ಟಿತ್ತು. ಆಪರೇಷನ್ ಮಾಡಿಸಿದರೆ ಹತ್ತರಲ್ಲಿ ಇಬ್ಬರು ಏಳುವುದಿಲ್ಲ, ಎದ್ದವರು ವರ್ಷಗಟ್ಟಲೆ ಬಾಳುತ್ತಾರೆ. ಮಾಡಿಸದಿದ್ದರೆ ಯಾವ ತಿಂಗಳು ಏನಾಗುತ್ತದೋ ಹೇಳಲಾಗದು ಎಂದಿದ್ದರು ಡಾಕ್ಟರು. “ಆ ಹತ್ತರಲ್ಲಿ ನಾನು ಎಷ್ಟನೆಯವಳು?” ಎಂದು ಅವಳು ಕಂಡಕಂಡವರನ್ನು ಕೇಳುತ್ತಿದ್ದಳು.

ಮಗಳು ಹವಾಮಾನ ಕಚೇರಿಯಲ್ಲಿ ಕೆಲಸಕ್ಕಿದ್ದವಳು. ಡಾಕ್ಟರನ್ನು ಕೇಳಿ ಲೆಕ್ಕ ಹಾಕಿ ಎರಡು ಡಬ್ಬ ಮಾಡಿಕೊಟ್ಟಳು. ಬಿಳಿ ಗುಂಡಿ ಅಂದರೆ ಬದುಕು, ಕರಿ ಅಂದರೆ ಸಾವು. ಆಪರೇಷನ್ ಡಬ್ಬದಲ್ಲಿ ಎಂಟು ಬಿಳಿ, ಎರಡು ಕರಿ. ಒಮ್ಮೆ ಕೈ ಹಾಕಿದರೆ ಮುಗಿಯಿತು. ಸುಮ್ಮನಿರುವ ಡಬ್ಬದಲ್ಲಿ ಹದಿನೇಳು ಬಿಳಿ, ಮೂರು ಕರಿ. ಪ್ರತಿ ಸಲ ಕೈ ಹಾಕಿದ್ದೂ ಒಂದು ತಿಂಗಳು. ಬಿಳಿ ಬಂದರೆ ವಾಪಸ್ ಹಾಕಿ ಮತ್ತೆ ತೆಗೆಯಬೇಕು, ಕರಿ ಬಂದರೆ ಅಲ್ಲಿಗೆ ಆಯಿತು.

“ಒಂದ್ಸಲ ಆಡಿದ್ರೆ ಏನೂ ತಿಳಿಯಲ್ಲಮ್ಮ. ವಾರವೆಲ್ಲ ಆಡು. ಯಾವುದು ಮೇಲು ಅಂತ ನಿನ್ನ ಮನಸ್ಸಿಗೇ ಬರುತ್ತೆ,” ಎಂದು ಹೇಳಿ ಹೋಗಿದ್ದಳು.

ಮೊದಲ ದಿನ ಹೆಂಡತಿ ಆಡಿದ್ದನ್ನು ಟೈಲರ್ ನೋಡಿದ. ಸುಮ್ಮನಿರುವ ಡಬ್ಬದಲ್ಲಿ ನಾಲ್ಕನೇ ತಿಂಗಳಿಗೆ ಸತ್ತಳು. ಆಮೇಲೆ ಒಂಬತ್ತಕ್ಕೆ. ಆಮೇಲೆ ಎರಡಕ್ಕೆ.

“ಆಪರೇಷನ್ನೇ ವಾಸಿ ಅನ್ಸುತ್ತೆ ಕಣ್ರೀ,” ಎಂದಳು.

ಟೈಲರನ ಅಣ್ಣ ಆಪರೇಷನ್ನಿಗೆಂದು ನಗುನಗುತ್ತ ಹೋಗಿ ಹೆಣವಾಗಿ ಬಂದವನು. ಹೆಂಡತಿ ಸ್ನಾನಕ್ಕೆ ಹೋದಾಗ ಸುಮ್ಮನಿರುವ ಡಬ್ಬದಿಂದ ಎರಡು ಕರಿ ಗುಂಡಿ ತೆಗೆದುಬಿಟ್ಟ. ಪೂರಾ ತೆಗೆದರೆ ಅನುಮಾನ ಬರುತ್ತದೆಂದು ಒಂದನ್ನು ಉಳಿಸಿದ. ತೆಗೆದವು ಮನೆಯಲ್ಲೇ ಇರಬಾರದೆಂದು ಯಾವನೋ ಗಿರಾಕಿಯ ಕೋಟಿಗೆ ಹೊಲಿದು ಕಳಿಸಿದ.

ಅಲ್ಲಿಂದ ಆಟದಲ್ಲಿ ಅವಳು ಎರಡು ವರ್ಷ, ಮೂರು ವರ್ಷ ಬದುಕತೊಡಗಿದಳು. ತಿಂಗಳು ಎಣಿಸುತ್ತ ನಗುತ್ತಿದ್ದಳು. ಆಪರೇಷನ್ ಬೇಡವೆಂದು ತಾನೇ ಹೋಗಿ ಹೇಳಿ ಬಂದಳು.

ಅದಾಗಿ ಅರ್ಧ ವರ್ಷ ಕಳೆದಿತ್ತು. ಈಗ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಈ ಸ್ಥಿತಿಯಲ್ಲಿ ಮಾಡಿದರೆ ಹತ್ತರಲ್ಲಿ ಆರು ಮಂದಿ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹೊಸ ಲೆಕ್ಕಕ್ಕೆ ತಕ್ಕಂತೆ ಎರಡೂ ಡಬ್ಬದ ಗುಂಡಿ ಬದಲಿಸಲೆಂದೇ ಮಗಳು ಮೊದಲು ಈ ಡಬ್ಬ ಸುರಿದದ್ದು.

“ಅಮ್ಮನ್ನ ಕೊಂದ್ಯಲ್ಲಪ್ಪಾ.”

“ಬಾಯಿ ಮುಚ್ಚು. ಗುಂಡಿ ಎಣಿಸಿ ಸಾವು ಹೇಳೋಳು ನೀನು, ಕೊಂದೋನು ನಾನಾ? ನೀವು ಬಿಸಿಲು ಅಂದ ದಿನ ಊರೇ ಕೊಡೆ ಹಿಡ್ಕೊಂಡು ಹೋಗುತ್ತೆ.”

“ತಪ್ಪುತ್ತೆ, ಇಲ್ಲ ಅನ್ನಲ್ಲ. ಆದ್ರೆ ನಾವು ಮೋಡ ಕದ್ದು ಬಚ್ಚಿಡಲ್ಲ.”

ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಯಾವಾಗ ಬಂದಳೋ.

“ಎಲ್ಲಿ ಹಾಕಿದ್ರಿ?”

“ಯಾರದೋ ಕೋಟಿಗೆ... ಹೊಲಿದುಬಿಟ್ಟೆ ಕಣೇ.”

ಅವಳು ಸ್ಟೂಲಿನ ಮೇಲೆ ಕೂತು ಉಸಿರು ಎಳೆದುಕೊಂಡಳು. “‘ನನಗೆ ಭಯ’ ಅಂತ ನೀವು ಒಂದು ಮಾತು ಹೇಳಿದ್ರೆ ಆಗ್ತಿತ್ತು. ಎಲ್ಲ ಗೊತ್ತಿದ್ದೂ ಆಪರೇಷನ್ ಬೇಡ ಅಂತಿದ್ದೆನೋ ಏನೋ. ನನ್ನ ಕೈಯಿಂದಲೇ ನನಗೆ ಸುಳ್ಳು ಹೇಳಿಸಿದ್ರಲ್ಲ.”

 ಅವನು ಗೋಡೆಯ ಗೂಡಿನಿಂದ ಕರಿ ಗುಂಡಿ ಹೆಕ್ಕಿ ಆಪರೇಷನ್ ಡಬ್ಬಕ್ಕೆ ಹಾಕತೊಡಗಿದ. “ಸರಿಯಾಗಿ ಹಾಕ್ತೀನಿ. ಆರು ಕರಿ, ನಾಲ್ಕು ಬಿಳಿ. ಇನ್ನೊಂದ್ಸಲ ಆಡಿ ನೋಡು.”

“ಆಡಿದ್ದು ಸಾಕು. ಸುಮ್ಮನೆ ಕೂತರೆ ಏನು ಅಂತ ನನ್ನ ಉಸಿರೇ ಹೇಳ್ತಿದೆ.” ಚೀಲ ಎತ್ತಿಕೊಂಡು ಮಗಳ ಭುಜ ಹಿಡಿದಳು. “ನಡಿ, ಆಸ್ಪತ್ರೆಗೆ.”

“ನಾನೂ ಬರ್ತೀನಿ,” ಎಂದು ಅವನು ಎದ್ದ.

“ಬೇಡ. ಗಿರಾಕಿಗಳು ಬರ್ತಾರೆ.”

ಮೆಟ್ಟಿಲಿಳಿದು, ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಬೀದಿಯ ತಿರುವಿನಲ್ಲಿ ಮರೆಯಾದಳು. ಆಪರೇಷನ್ನಿನಿಂದ ಅವಳು ಏಳಲಿಲ್ಲ, ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಅಂದು, ಡಬ್ಬಕ್ಕೆ ಹಾಕದೆ ಉಳಿದ ಕರಿ ಗುಂಡಿಗಳು ಬಹಳ ಹೊತ್ತು ಅವನ ಮುಷ್ಟಿಯಲ್ಲೇ ಇದ್ದವು.