ಬಿಳಿಯ ಚಿತ್ರದ ಮುಂದೆ ಮೂರು ಭಾನುವಾರ

ನನಗೆ ಸಿಟ್ಟು ಬರಿಸಿದ ಚಿತ್ರದ ಹೆಸರು ‘ಏಪ್ರಿಲ್, ಎರಡನೆಯದು’. ಕ್ಲೀವ್‌ಲ್ಯಾಂಡಿನ ಒಂದು ಮ್ಯೂಸಿಯಮ್ಮಿನ ಮೇಲಂತಸ್ತಿನಲ್ಲಿ, ಗಾಜಿನ ಮಾಡಿನ ಕೋಣೆಯಲ್ಲಿ, ಅದೊಂದೇ ಇಡೀ ಗೋಡೆಯನ್ನು ಹಿಡಿದುಕೊಂಡಿತ್ತು. ಎಂಟಡಿ ಎತ್ತರ, ಹನ್ನೊಂದಡಿ ಅಗಲ, ಪೂರ್ತಿ ಬಿಳಿ. ಬರೆದವರು ಹ್ಯಾರಿಯೆಟ್ ಲಿಂಡ್‌ಕ್ವಿಸ್ಟ್, ೧೯೬೧ರಲ್ಲಿ. ಪಕ್ಕದ ಚೀಟಿಯಲ್ಲಿ ಇಷ್ಟೇ ಇತ್ತು.

ನಾನಾಗ ಕಲಾಶಾಲೆಯಲ್ಲಿ ಎರಡನೇ ವರ್ಷದಲ್ಲಿದ್ದೆ. ಮುಖ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಕಣ್ಣೆವೆಯ ಒಂದೊಂದು ಕೂದಲು, ತುಟಿಯ ಮೇಲಿನ ಒಣಕಲು ಸಿಪ್ಪೆ, ಎಲ್ಲವೂ ಪೆನ್ಸಿಲಿನಲ್ಲಿ ಇಳಿಯುತ್ತಿತ್ತು. ಅದರ ಹಮ್ಮೂ ಇತ್ತು. ಅದಕ್ಕೇ ಇರಬೇಕು, ನಮ್ಮ ಬ್ರಾಂಟ್ ಮೇಡಂ ತರಗತಿಯಲ್ಲಿ ನನ್ನನ್ನೇ ನೋಡುತ್ತ ಹೇಳಿದರು: “ಮ್ಯೂಸಿಯಮ್ಮಿಗೆ ಹೋಗಿ. ಯಾವ ಚಿತ್ರ ನೋಡಿದ್ರೆ ಮೈ ಉರಿಯುತ್ತೋ ಅದನ್ನ ಆರಿಸ್ಕೊಳ್ಳಿ. ಮೂರು ಭಾನುವಾರ, ಒಂದೊಂದು ಸಲ ಮೂರು ಗಂಟೆ, ಅದರ ಮುಂದೆ ಕೂತಿರಿ. ಆಮೇಲೆ ನಿಮಗೆ ಏನಾಯ್ತು ಅಂತ ಬರೀರಿ. ಚಿತ್ರಕ್ಕೆ ಏನಾಯ್ತು ಅಂತ ಅಲ್ಲ.”

ಮೊದಲನೇ ಭಾನುವಾರ ಹನ್ನೊಂದಕ್ಕೆ ಹೋಗಿ ಬೆಂಚಿನ ಮೇಲೆ ಕೂತೆ. ಪುಸ್ತಕ ತೆಗೆದು ‘ಏನೂ ಇಲ್ಲ’ ಎಂದು ಬರೆದೆ. ಹತ್ತು ನಿಮಿಷ ಬಿಟ್ಟು ‘ಇನ್ನೂ ಏನೂ ಇಲ್ಲ’ ಎಂದು ಬರೆದೆ. ಬಾಗಿಲ ಬಳಿ ನಿಂತಿದ್ದ ಗಾರ್ಡ್ ನಗುತ್ತಿದ್ದರು. ಟಾಲಿವರ್ ಎಂದು ಅವರ ಹೆಸರು. ಮೂವತ್ತು ವರ್ಷ ಊರಿನ ಬಸ್ಸು ಓಡಿಸಿ, ನಿವೃತ್ತರಾದ ಮೇಲೆ ಈ ಕೋಣೆ ಕಾಯುತ್ತಿದ್ದ ಕಪ್ಪು ಮೈಯ, ದೊಡ್ಡ ಹೆಗಲಿನ ಮನುಷ್ಯ.

“ಕಲಾಶಾಲೆಯವಳಾ ಮಗಳೇ?”

“ಹೇಗೆ ಗೊತ್ತಾಯ್ತು?”

“ಬೇರೆಯವರು ಬೈದು ಹೊರಟುಹೋಗ್ತಾರೆ. ನಿಮ್ಮ ಶಾಲೆಯವರು ಬೈಕೊಂಡು ಕೂತಿರ್ತಾರೆ.”

“ನಿಮಗೆ ಇದು ಇಷ್ಟವಾ?”

“ಆರು ವರ್ಷ ಆಯ್ತು. ಇಷ್ಟ ಕಷ್ಟ ಎಲ್ಲ ಮುಗಿದುಹೋಗಿದೆ. ಈಗ ಸುಮ್ನೆ ಜೊತೇಲಿರ್ತೀವಿ.”

ಹನ್ನೆರಡರ ಹೊತ್ತಿಗೆ ನನ್ನ ಸಿಟ್ಟು ಸವೆದಿತ್ತು. ಮಾಡಿನ ಗಾಜಿನ ಮೇಲೆ ಮೋಡ ಹಾಯುತ್ತಿತ್ತು. ಸರೋವರದ ಕಡೆಯಿಂದ ಬರುವ ಮಾರ್ಚ್ ತಿಂಗಳ ಮೋಡ, ಒಂದರ ಹಿಂದೊಂದು. ಮೋಡ ಬಂದಾಗ ಚಿತ್ರ ಹಿಂದಕ್ಕೆ ಸರಿಯಿತು. ಮೋಡ ಹೋದಾಗ ಮುಂದೆ ಬಂತು. ಕಣ್ಣಿನ ದೋಷವೆಂದುಕೊಂಡೆ. ಮತ್ತೆ ನೋಡಿದರೆ, ಎಡಗಡೆಯ ಬಿಳಿಯೊಳಗೆ ತೆಳುವಾದ ಹಳದಿಯೊಂದು, ಹಾಲಿನ ಕೆನೆಯ ಕೆಳಗೆ ಬೆರಳಾಡಿಸಿದ ಹಾಗೆ, ಮೆಲ್ಲಗೆ ಅಲುಗುತ್ತಿತ್ತು. ಅದರ ಹಿಂದೆ ಹೋದೆ. ಎಲ್ಲಿಗೆ ಹೋದೆನೋ ತಿಳಿಯದು. ಅಲ್ಲಿ ನೆಲ ಇರಲಿಲ್ಲ, ಆದರೆ ಬೀಳುವ ಭಯವೂ ಇರಲಿಲ್ಲ. ದೂರದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದಿನಂಥದ್ದೊಂದು ಕೇಳುತ್ತಿತ್ತು. ನನ್ನ ಕೈಗಳು ಹಗುರಾಗಿ, ಯಾರವೋ ಆಗಿ, ತೊಡೆಯ ಮೇಲೆ ಬಿದ್ದಿದ್ದವು.

ಟಾಲಿವರ್ ಬಂದು ಕೆಮ್ಮಿದಾಗ ಎರಡೂಕಾಲು. ಪುಸ್ತಕದಲ್ಲಿ ಆ ಎರಡು ಸಾಲು ಬಿಟ್ಟರೆ ಏನೂ ಇರಲಿಲ್ಲ. ನನಗೆ ಸ್ವಲ್ಪ ಹೆದರಿಕೆಯೇ ಆಯಿತು.

ನಮ್ಮಮ್ಮ ಮಾರ್ತಾ ವರ್ಕೋನಿ ಮದುವೆಯ ಗೌನುಗಳನ್ನು ಅಳತೆಗೆ ಸರಿಮಾಡಿಕೊಡುವ ಅಂಗಡಿ ಇಟ್ಟುಕೊಂಡಿದ್ದಳು. ಹಂಗೇರಿಯಿಂದ ಬಂದಾಗ ಅವಳಿಗೆ ಹದಿನೆಂಟು. ಇಂಗ್ಲಿಷಿಗಿಂತ ಮೊದಲು ಹೊಲಿಗೆಯಲ್ಲೇ ಈ ಊರಿನೊಂದಿಗೆ ಮಾತಾಡಿದವಳು. ಅಂದು ಸಂಜೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನನ್ನ ಕಥೆ ಕೇಳಿದಳು.

“ಮೂರು ಗಂಟೆ ಗೋಡೆ ನೋಡೋದಕ್ಕೆ ಕಾಲೇಜು ಬೇಕಾಗಿತ್ತಾ ಇಲೋನ್ಕಾ? ಇಲ್ಲೇ ಇತ್ತಲ್ಲ ಗೋಡೆ.”

“ಅದು ಗೋಡೆ ಅಲ್ಲಮ್ಮ. ಬಿಳಿ ಅಷ್ಟೇ.”

“ಎಂಥಾ ಬಿಳಿ?”

“ಬಿಳಿ ಅಂದ್ರೆ ಬಿಳಿ.”

ಅಮ್ಮ ಸೂಜಿಗಳನ್ನು ಬಾಯಿಂದ ತೆಗೆದಳು. ಹಿಂದಿನ ಕಂಬಿಗೆ ಹದಿನೈದು ಗೌನು ನೇತುಹಾಕಿತ್ತು. “ಅದರಲ್ಲಿ ಎರಡು ಒಂದೇ ಥರದ್ದು ತೋರಿಸು ನೋಡೋಣ. ಬಿಳಿ ಅಂದ್ರೆ ಬಿಳಿಯಂತೆ! ನಿನ್ನನ್ನ ಹೆತ್ತು ನಾನು ಸತ್ತೆ.” ಆಮೇಲೆ, ಸೂಜಿಗಳನ್ನು ಡಬ್ಬಿಗೆ ಹಾಕುತ್ತ: “ಮುಂದಿನ ವಾರ ಚರ್ಚು ಮುಗಿಸ್ಕೊಂಡು ನಾನೂ ಬರ್ತೀನಿ.”

ಬಂದಳು. ನೀಲಿ ಕೋಟು, ಕೈಚೀಲದಲ್ಲಿ ಗಸಗಸೆ ತುಂಬಿದ ರೊಟ್ಟಿಸುರುಳಿ. ಒಂದು ತುಂಡನ್ನು ಟಾಲಿವರ್‌ಗೆ ಕೊಡಹೋದಳು. ಅವರು “ಇಲ್ಲಿ ತಿನ್ನೋ ಹಾಗಿಲ್ಲ ಅಮ್ಮಾ” ಎಂದು ಹೇಳಿ ಜೇಬಿಗಿಟ್ಟುಕೊಂಡರು. ಅವಳು ಬೆಂಚಿನ ಮೇಲೆ ಕೂರಲಿಲ್ಲ. ನೇರ ಚಿತ್ರದ ಬಳಿಗೆ ಹೋಗಿ, ಗೌನಿನ ಅಂಚು ನೋಡುವ ಹಾಗೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ನಿಂತಳು.

“ಹಿಂದೆ ಬನ್ನಿ ಅಮ್ಮಾ, ಹಿಂದೆ.”

“ಮುಟ್ಟಲ್ಲಪ್ಪ. ನೋಡ್ತಿದೀನಿ.” ಬಲತುದಿಯಿಂದ ಎಡತುದಿಯವರೆಗೆ ಅಡ್ಡಡ್ಡ ನಡೆದಳು, ಮತ್ತೆ ವಾಪಸು ಬಂದಳು. “ಇವಳು ಎಡಗೈಯವಳು.”

“ಯಾರು?”

“ಇದನ್ನ ಮಾಡಿದವಳು. ಕುಂಚ ಆ ಕಡೆಯಿಂದ ಈ ಕಡೆಗೆ ಬಂದಿದೆ, ನೋಡು. ಎತ್ತರ ಇಲ್ಲ, ಕುಳ್ಳಿ. ಮೇಲ್ಗಡೆ ಬಣ್ಣ ತೆಳ್ಳಗಿದೆ, ಕೈ ಎಟುಕಿಲ್ಲ. ಮಣೆ ಹಾಕ್ಕೊಂಡು ನಿಂತಿದಾಳೆ ಪಾಪ.” ಕೆಳಗಿನ ಮೂಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. “ಇಲ್ಲಿ ದಣಿದಿದಾಳೆ. ಕುಂಚದ ಎಳೆತ ಚಿಕ್ಕದಾಗಿದೆ. ಇಲ್ಲಿ ನೋಡು, ಪಕ್ಕನೆ ನಿಂತುಹೋಗಿದೆ, ಮತ್ತೆ ಶುರುವಾಗಿದೆ, ಅಷ್ಟರಲ್ಲಿ ಹಳೇದು ಒಣಗಿದೆ. ಯಾರೋ ಬಾಗಿಲು ತಟ್ಟಿದಾರೆ.”

ನಾನೂ ಟಾಲಿವರೂ ಇಬ್ಬರೂ ಬಗ್ಗಿ ನೋಡಿದೆವು. ಬೆರಳುದ್ದದ ಒಂದು ಗೆರೆ, ಬಿಳಿಯ ಮೇಲೆ ಬಿಳಿ. ಆರು ವರ್ಷ ಕಾದವರು “ಅಯ್ಯೋ ದೇವರೇ” ಎಂದರು.

“ಚೆನ್ನಾಗಿದೆಯಾ ಅಮ್ಮ?” ಎಂದು ಕೇಳಿದೆ.

“ಅದೆಲ್ಲ ನನಗೆ ಗೊತ್ತಿಲ್ಲ. ಕೆಲಸ ಕದ್ದಿಲ್ಲ, ಅಷ್ಟು ಹೇಳಬಲ್ಲೆ” ಎಂದು ಬಂದು ಬೆಂಚಿನ ಮೇಲೆ ಕೂತು ಶೂ ಬಿಚ್ಚಿದಳು.

ಆ ವಾರವೆಲ್ಲ ಆ ಕುಳ್ಳಿ ಹೆಂಗಸು ನನ್ನ ಜೊತೆ ಇದ್ದಳು. ಬಸ್ಸಿನಲ್ಲಿ, ತರಗತಿಯಲ್ಲಿ, ನಿದ್ದೆಯ ಅಂಚಿನಲ್ಲಿ. ಮಣೆಯ ಮೇಲೆ ತುದಿಗಾಲಲ್ಲಿ ನಿಂತು, ಎಡಭುಜ ಎತ್ತಿ, ಕುಂಚ ಎಳೆಯುತ್ತಿದ್ದಳು. ಬಾಗಿಲು ತಟ್ಟಿದ ಸದ್ದಿಗೆ ತಿರುಗುವಳು, ಆದರೆ ಮುಖ ಕಾಣುವಷ್ಟು ತಿರುಗುತ್ತಿರಲಿಲ್ಲ. ಬರೆದೆ, ಹರಿದೆ, ಮತ್ತೆ ಬರೆದೆ. ಎದುರು ಕೂತ ಯಾರ ಮುಖವನ್ನಾದರೂ ಹತ್ತು ನಿಮಿಷಕ್ಕೆ ಹಿಡಿಯುತ್ತಿದ್ದ ನನಗೆ ಇವಳ ಕಿವಿಯೊಂದೂ ಸಿಗಲಿಲ್ಲ.

ತಡೆಯಲಾರದೆ ಬುಧವಾರ ಮ್ಯೂಸಿಯಮ್ಮಿನ ಗ್ರಂಥಾಲಯಕ್ಕೆ ಹೋದೆ. ಅಲ್ಲಿನ ಹೆಂಗಸು ಲಿಂಡ್‌ಕ್ವಿಸ್ಟರ ಹೆಸರಿನ ಕಡತವನ್ನು ತಂದಿಟ್ಟರು. ಪತ್ರಿಕೆಯ ಎರಡು ತುಣುಕು, ಒಂದು ಫೋಟೋ.

ಫೋಟೋದಲ್ಲಿದ್ದವರು ಆರಡಿ ಎತ್ತರದ, ಕೊಕ್ಕರೆಯಂಥ ಹೆಂಗಸು. ಉದ್ದ ತೋಳು. ಕುಂಚ ಬಲಗೈಯಲ್ಲಿ. ಕ್ಯಾನ್ವಾಸ್ ಗೋಡೆಯ ಮೇಲೆ ಇರಲೇ ಇಲ್ಲ. ನೆಲದ ಮೇಲೆ ಹಾಸಿತ್ತು, ಅವರು ಅದರ ಅಂಚಿನಲ್ಲಿ ಮಂಡಿಯೂರಿದ್ದರು. ಫೋಟೋದ ಹಿಂಬದಿಯಲ್ಲಿ ಬರೆದಿತ್ತು: ‘ಏಪ್ರಿಲ್, ಎರಡನೆಯದು’ ಬರೆಯುತ್ತಿರುವಾಗ.

ನಗು ಬಂತು. ಜೊತೆಗೆ ಒಂದು ಸಾವಿನ ಸುದ್ದಿ ಕೇಳಿದ ಹಾಗೂ ಆಯಿತೆಂದರೆ ನಂಬುತ್ತೀರಾ? ಹೊರಗೆ ಬಂದು ಅಂಗಡಿಗೆ ಫೋನು ಮಾಡಿದೆ.

“ಅಮ್ಮ, ಅವರು ಕುಳ್ಳಿ ಅಲ್ಲ. ಎಡಗೈಯವರೂ ಅಲ್ಲ. ಮಣೆಯೂ ಇಲ್ಲ, ಎಂಥದೂ ಇಲ್ಲ. ನೆಲದ ಮೇಲೆ ಹಾಸ್ಕೊಂಡು ಬರೆದಿದಾರೆ.”

ಅತ್ತ ಕಡೆ ಹೊಲಿಗೆ ಮಿಷನ್ನು ನಿಂತಿತು. “ಹೌದಾ? ಮತ್ತೆ ಬಾಗಿಲು ತಟ್ಟಿದ್ದು?”

“ಅದು ಫೋಟೋದಲ್ಲಿ ಕಾಣಲ್ಲ.”

“ಹಾಗಾದ್ರೆ ಅದೊಂದು ಸರಿ” ಎಂದು ಫೋನಿಟ್ಟಳು.

ಮೂರನೇ ಭಾನುವಾರ ಆಕಾಶ ತಿಳಿಯಾಗಿತ್ತು. ಕೋಣೆಯೆಲ್ಲ ಬೆಳಕು. ಟಾಲಿವರ್‌ಗೆ ಫೋಟೋದ ಸುದ್ದಿ ಹೇಳಿದೆ. ಅವರು ತಲೆ ಕೊಡವಿ, “ನಾನು ಮನೇಲೆಲ್ಲ ಎಡಗೈ ಅಂತ ಹೇಳ್ಕೊಂಡು ಬಂದಿದೀನಲ್ಲ ಮಗಳೇ. ಈಗ ಮತ್ತೆ ಹೋಗಿ ಅಲ್ಲ ಅನ್ಲಾ?” ಎಂದರು.

ಕೂತೆ. ಈ ಸಲ ಪುಸ್ತಕ ತೆಗೆಯಲಿಲ್ಲ. ಬಿಳಿ ನಿಧಾನಕ್ಕೆ ನೀಲಿಗೆ ತಿರುಗಿತು, ನೀಲಿಯಿಂದ ಕಿವಿಯೊಳಗಿನ ನಸುಗೆಂಪು ಬಣ್ಣಕ್ಕೆ. ಮಗುವಾಗಿದ್ದಾಗ ಅಂಗಡಿಯಲ್ಲಿ ನೇತುಹಾಕಿದ ಗೌನುಗಳ ಒಳಗೆ ನುಗ್ಗಿ ಅಡಗಿಕೊಂಡು, ಬಟ್ಟೆಯ ಮೂಲಕ ಬರುವ ಬೆಳಕನ್ನು ನೋಡುತ್ತಿದ್ದೆನಲ್ಲ, ಆ ಬಣ್ಣ. ಆಗಲೇ ಅವರಿಬ್ಬರೂ ಕಂಡರು. ಎತ್ತರದವರು ಮಂಡಿಯೂರಿ ಒಂದು ಕಡೆಯಿಂದ, ಕುಳ್ಳಿ ಮಣೆಯ ಮೇಲೆ ನಿಂತು ಇನ್ನೊಂದು ಕಡೆಯಿಂದ, ಒಂದೇ ಕ್ಯಾನ್ವಾಸಿನಲ್ಲಿ ಕೆಲಸ ಮಾಡುತ್ತಿದ್ದರು. ಒಬ್ಬರಿಗೆ ಇನ್ನೊಬ್ಬರು ಇರುವುದು ಗೊತ್ತಿರಲಿಲ್ಲ. ಕ್ಯಾನ್ವಾಸು ಒಬ್ಬರಿಗೆ ನೆಲ, ಇನ್ನೊಬ್ಬರಿಗೆ ಗೋಡೆ. ಇಬ್ಬರ ಕುಂಚಗಳೂ ನಡುವೆ ಎಲ್ಲೋ ಹತ್ತಿರ ಹತ್ತಿರ ಬಂದು ಹಾಗೇ ದಾಟಿಹೋದವು. ಯಾರೂ ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದೆನ್ನಿಸಿತು. ಕಣ್ಣಲ್ಲಿ ನೀರು ತುಂಬಿತು. ದುಃಖದ್ದಲ್ಲ, ಬೆಳಕು ಹೆಚ್ಚಾದಾಗ ಬರುತ್ತದಲ್ಲ, ಅಂಥದ್ದು.

ಮೂರು ಪುಟ ಬರೆದುಕೊಟ್ಟೆ. ಒಂದರಲ್ಲಿ ಅಮ್ಮ ಕಂಡದ್ದು. ಇನ್ನೊಂದರಲ್ಲಿ ಅದು ಸುಳ್ಳೆಂದು ತಿಳಿದದ್ದು. ಕೊನೆಯದರಲ್ಲಿ ಆ ಸುಳ್ಳು ನನ್ನನ್ನು ಬಿಟ್ಟುಹೋಗದ್ದು. ಬ್ರಾಂಟ್ ಮೇಡಂ ನನ್ನನ್ನು ಕರೆದು, “ಎರಡನೇ ಪುಟಕ್ಕೆ ನಿನಗೆ ಒಳ್ಳೇ ಅಂಕ. ಆ ಪುಟಾನ ನುಂಗಿಬಿಡೋರೇ ಜಾಸ್ತಿ” ಎಂದರು. ಆಮೇಲೆ, “ಆ ಕುಳ್ಳೀನ ಬರೀತೀಯಾ?” ಎಂದು ಕೇಳಿದರು.

“ಮುಖ ಬರ್ತಿಲ್ಲ ಮೇಡಂ.”

“ಮುಖ ಯಾರು ಕೇಳಿದರು?”

ಏಪ್ರಿಲ್ಲಿನಲ್ಲಿ ಬರೆದೆ. ಬೆನ್ನು, ಎತ್ತಿದ ಎಡಭುಜ, ಮಣೆಯ ಮೇಲೆ ಎರಡು ಹಿಮ್ಮಡಿ. ಉಳಿದದ್ದೆಲ್ಲ ಬರಿ ಬಣ್ಣ. ಏನು ಮಾಡುತ್ತಿದ್ದೇನೆಂದು ನನಗೇ ಗೊತ್ತಿಲ್ಲದೆ ದಿನಗಟ್ಟಲೆ ಬಣ್ಣ ಬಳಿದೆ. ಅಷ್ಟು ಸಂತೋಷದಲ್ಲಿ ಕಣ್ಣೆವೆಗಳನ್ನು ನಾನು ಎಂದೂ ಬರೆದಿರಲಿಲ್ಲ. ವರ್ಷದ ಕೊನೆಯ ಪ್ರದರ್ಶನದಲ್ಲಿ ಅಮ್ಮ ಅದರ ಮುಂದೆ ತುಂಬ ಹೊತ್ತು ನಿಂತಳು.

“ಇವಳ್ಯಾರು?”

“ನೀನು ಹುಟ್ಟಿಸಿದವಳು.”

“ಹಾಗಾದ್ರೆ ನಿನ್ನ ತಂಗಿ” ಎಂದಳು ಅಮ್ಮ. ಕನ್ನಡಕ ಸರಿಮಾಡಿಕೊಂಡು ಇನ್ನೂ ಹತ್ತಿರ ಹೋದಳು. “ಅಂಗಿ ಭುಜದ ಹತ್ರ ಬಿಗಿಯಾಯ್ತು. ಕೈ ಎತ್ತಿದ್ರೆ ಹರಿಯುತ್ತೆ.”

ಆ ಬೇಸಿಗೆಯಲ್ಲಿ ಬಸ್ಸು ಹಿಡಿದು ಶಿಕಾಗೋಗೆ, ಪಿಟ್ಸ್‌ಬರ್ಗಿಗೆ, ಡೆಟ್ರಾಯಿಟಿಗೆ ಹೋದೆ, ಬರಿ ಮ್ಯೂಸಿಯಂ ನೋಡಲೆಂದೇ. ಒಂದು ಊರಲ್ಲಿ ಕೆಂಪು ಚಿತ್ರವೊಂದರ ಮುಂದೆ ನಿಲ್ಲಲಾರದೆ ಹೊರಗೆ ಓಡಿದೆ. ಇನ್ನೊಂದರಲ್ಲಿ ಬಾಗಿದ ತಗಡಿನ ತುಂಡುಗಳನ್ನು ಕಂಡು ಜೋರಾಗಿ ನಕ್ಕು ಬೈಸಿಕೊಂಡೆ. ಶಿಕಾಗೋದಲ್ಲಿ ಕಪ್ಪು ಚಿತ್ರವೊಂದರ ಮುಂದೆ ಕೂತಿದ್ದಾಗ, ಹೆಂಡತಿಯನ್ನು ಕಾಯುತ್ತಿದ್ದ ಮುದುಕರೊಬ್ಬರು ಊರುಗೋಲಿಗೆ ಒರಗಿಕೊಂಡು ಕೇಳಿದರು:

“ಇದೇನಮ್ಮ ಇದು? ನಿಂಗೇನಾದ್ರೂ ಅರ್ಥ ಆಗುತ್ತಾ?”

“ಇಲ್ಲ, ಈಗ ತಾನೇ ಬಂದೆ” ಎಂದೆ, ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟೆ.