ಆಂಜಿನಮ್ಮನ ಪೊರಕೆ

ಮೇಲೂರಿನ ಪ್ರಾರ್ಥನಾ ಮಂದಿರವನ್ನು ತನಗಿಂತ ಮೊದಲು ಯಾರೋ ಗುಡಿಸಿ ಹೋಗಿದ್ದಾರೆ ಎಂಬುದು ಬೀಗ ತೆಗೆದ ತಕ್ಷಣವೇ ಆಂಜಿನಮ್ಮನಿಗೆ ಗೊತ್ತಾಯಿತು. ನೆಲದ ಮೇಲೆ ಒಂದು ಕಡ್ಡಿ ಇರಲಿಲ್ಲ. ಚಾಪೆಗಳನ್ನೂ ಹಾಸಿದ್ದರು, ಆದರೆ ಸೊಟ್ಟಗೆ. ಬೇರೆ ಯಾರಾದರೂ ಆಗಿದ್ದರೆ ಸದ್ಯ ಕೆಲಸ ತಪ್ಪಿತು ಎಂದು ಮನೆಗೆ ಹೋಗಿ ಕಾಫಿ ಕುಡಿಯುತ್ತಿದ್ದರು. ಆಂಜಿನಮ್ಮ ಮಾತ್ರ ಮೂಲೆಯಲ್ಲಿ ತನ್ನ ಪೊರಕೆ ಇದೆಯೇ ಎಂದು ಮೊದಲು ನೋಡಿದಳು.

ಹಿಂದಿನ ಸಲ ಮನೆಯಲ್ಲಿ ರೇಷ್ಮೆ ಹುಳ ಸಾಕುವಾಗಲೂ ಹೀಗೇ ಆಗಿತ್ತು. ಆಗ ಪಾಸ್ಟರ್ ಹೆಂಡತಿ ಗುಡಿಸಿರಬೇಕು ಎಂದು ಸುಮ್ಮನಾಗಿದ್ದಳು. ಆದರೆ ಪಾಸ್ಟರ್ ಹೆಂಡತಿ ಈಗ ಹೆರಿಗೆಗೆಂದು ತವರಿಗೆ ಹೋಗಿ ಕೂತಿದ್ದಾಳೆ. ಹಾಗಾದರೆ ಇದು ಯಾರ ಕೈಚಳಕ? ಯಾರ ಕಣ್ಣು ಬಿದ್ದಿದೆ ತನ್ನ ಪೊರಕೆಯ ಮೇಲೆ?

ಪೊರಕೆ ಎಂದರೆ ಬರೀ ಪೊರಕೆಯಲ್ಲ. ಒಂಬತ್ತು ವರ್ಷದ ಹಿಂದೆ ಆಂಜಿನಮ್ಮ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾಗಿ ಒದ್ದೆ ಸೀರೆಯಲ್ಲಿ ಕೆರೆಯಿಂದ ಮೇಲೆ ಬರುವಾಗ, ಚಿಕ್ಕಬಳ್ಳಾಪುರದಿಂದ ಬಂದಿದ್ದ ಒಬ್ಬ ಹಳೇ ಕ್ರೈಸ್ತ ಮನೆತನದ ಮುದುಕಿ ಪಕ್ಕದವಳಿಗೆ ಹೇಳಿದ್ದಳು: "ಎಷ್ಟು ದಿನ ನಿಲ್ತಾಳೋ ನೋಡಣ." ಮುದುಕಿ ಆಮೇಲೆ ಹೋಳಿಗೆ ಊಟ ಮಾಡಿ ಬಸ್ ಹತ್ತಿ ಹೋದಳು. ಮಾತು ಮಾತ್ರ ಆಂಜಿನಮ್ಮನ ಕಿವಿಯಲ್ಲೇ ಮನೆ ಮಾಡಿತು. ಅವತ್ತಿನಿಂದ ಅವಳು ಕೂತಿದ್ದನ್ನು ಕಂಡವರಿಲ್ಲ. ದಿನಾ ಸಂಜೆ ಗುಡಿಸುವುದು, ಶುಕ್ರವಾರ ಉಪವಾಸ, ಕಾಯಿಲೆಯವರ ಮನೆಗಳಿಗೆ ಹೋಗಿ ಪ್ರಾರ್ಥನೆ. ಭಾನುವಾರ ಪಾಸ್ಟರ್ ಭಾನುಪ್ರಕಾಶ್ ಪ್ರಸಂಗ ಮಾಡುವಾಗ ಇವಳು ಹೊರಗೆ ಕೊಡಪಾನಕ್ಕೆ ನೀರು ತುಂಬುತ್ತಲೋ, ಜನರ ಚಪ್ಪಲಿ ಸಾಲಾಗಿ ಜೋಡಿಸುತ್ತಲೋ ಇರುತ್ತಿದ್ದಳು. ಒಂದು ಪ್ರಸಂಗವನ್ನಾದರೂ ಪೂರ್ತಿ ಕೇಳಿದ್ದು ಅವಳಿಗೆ ನೆನಪಿಲ್ಲ.

ಅನುಮಾನ ನೇರವಾಗಿ ಹೋಗಿ ಹರಿತಾಳ ಮೇಲೆ ಕೂತಿತು. ಚಿಂತಾಮಣಿ ಕಡೆಯಿಂದ ಹೊಸದಾಗಿ ಬಂದವಳು, ಗಂಡನಿಗೆ ಯಾವುದೋ ಆಫೀಸಿನಲ್ಲಿ ಕೆಲಸ. ಭಾನುವಾರ ಬರುತ್ತಾಳೆ, ಗೋಡೆಗೆ ಒರಗುತ್ತಾಳೆ, ಕಣ್ಣು ಮುಚ್ಚುತ್ತಾಳೆ. ಎದ್ದು ಒಂದು ಲೋಟ ಸರಿಸುವವಳಲ್ಲ. ಹಾಗಿದ್ದೂ ಪಾಸ್ಟರ್ ಅವಳನ್ನು ಕಂಡರೆ ಮುಖ ಅರಳಿಸಿಕೊಂಡು ಮಾತಾಡಿಸುತ್ತಾರೆ. ಮೇಲೆ ಮಳ್ಳಿಯ ಹಾಗೆ ಇದ್ದು ಒಳಗೊಳಗೇ ಜಾಗ ಮಾಡಿಕೊಳ್ಳುತ್ತಿದ್ದಾಳೆ ಎಂದು ಆಂಜಿನಮ್ಮ ತೀರ್ಮಾನಿಸಿದಳು. ಮಂದಿರಕ್ಕೆ ಇರುವುದು ಎರಡೇ ಬೀಗದ ಕೈ. ಒಂದು ಅವಳ ಮನೆಯ ಮೊಳೆಗೆ ನೇತಾಡುತ್ತದೆ, ಇನ್ನೊಂದು ಪಾಸ್ಟರ್ ಹತ್ತಿರ. ಅದನ್ನು ಪಾಸ್ಟರೇ ಅವಳಿಗೆ ಕೊಟ್ಟಿರಬೇಕು, ಇನ್ನೇನು ಲೆಕ್ಕ ಬೇಕು?

"ಪಾಸ್ಟರೇ, ನಿಮ್ ಬೀಗದ ಕೈ ಯಾರ್ಗಾದ್ರೂ ಕೊಟ್ಟಿದ್ರಾ?"

"ಇಲ್ವಲ್ಲಮ್ಮ, ಜೇಬಲ್ಲೇ ಇದೆ. ಯಾಕೆ?"

"ಯಾರೋ ಗುಡಿಸಿ ಹೋಗವ್ರೆ."

ಭಾನುಪ್ರಕಾಶ್ ನಕ್ಕರು. "ಒಳ್ಳೇದೇ ಆಯ್ತಲ್ಲಮ್ಮ. ನೀವೂ ಒಂದಿನ ಒಳಗಡೆ ಕೂತ್ಕೊಳ್ಳಿ."

ಕೂತ್ಕೊಳ್ಳಿ! ಅಂದರೆ ಸಾಕು, ಇನ್ನು ಬರಬೇಡ ಎಂದೇ ಅರ್ಥ. ಆಂಜಿನಮ್ಮ ಆ ರಾತ್ರಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟಳು. ಕೆಲಸ ಹೋದರೆ ಮಂದಿರದಲ್ಲಿ ತಾನು ಯಾರು? ಮುದುಕಿ ಹೇಳಿದಂತೆ ನಿಲ್ಲದೆ ಹೋದವಳು. ಮೇಲಿರುವ ಸ್ವಾಮಿಯೂ ಅದನ್ನೇ ಕಾಯುತ್ತಿದ್ದಾನೇನೋ ಎಂದು ಭಯವಾಯಿತು.

ಮೂರು ಸಂಜೆ ಅವಳು ಬೇವಿನ ಮರದ ಮರೆಯಲ್ಲಿ ನಿಂತು ಕಾದಳು. ಸೊಳ್ಳೆ ಕಚ್ಚಿದ್ದೇ ಬಂತು. ಒಂದು ದಿನ ಹರಿತಾ ಅದೇ ದಾರಿಯಲ್ಲಿ ಕೊತ್ತಂಬರಿ ಕಟ್ಟು ಹಿಡಿದುಕೊಂಡು ಬಂದಳು. "ಇಲ್ಯಾಕಮ್ಮ ನಿಂತಿದೀರ?" ಎಂದಳು. "ಗಾಳಿಗೆ" ಎಂದು ಆಂಜಿನಮ್ಮ ಗಂಟು ಮುಖ ಹಾಕಿದಳು. ಹರಿತಾ ಮಂದಿರದ ಕಡೆ ತಿರುಗಿಯೂ ನೋಡದೆ ಹೋದಳು. ಎಷ್ಟು ನಾಟಕ!

ಮಾರನೆಯ ದಿನ ಬೆಳಿಗ್ಗೆ ಹುಳದ ಮನೆಯಲ್ಲಿ ಗಂಡ ಮುನಿಶಾಮಪ್ಪ ರೇಷ್ಮೆ ಹುಳಗಳನ್ನು ಬಗ್ಗಿ ನೋಡಿ, "ತಲೆ ಎತ್ಕೊಂಡವೆ. ನಾಳೆ ನಾಲ್ಕನೇ ಜ್ವರಕ್ಕೆ ಕೂರ್ತವೆ. ಸೊಪ್ಪು ಕೊಯ್ಯೋದು ಬೇಡ" ಎಂದ.

ರೇಷ್ಮೆ ಹುಳ ಪೊರೆ ಬಿಡುವ ಹೊತ್ತಿಗೆ ತಿನ್ನುವುದನ್ನು ಬಿಟ್ಟು ಅಲ್ಲಾಡದೆ ಕೂರುತ್ತದೆ. ಅದಕ್ಕೇ ಜ್ವರ ಎನ್ನುತ್ತಾರೆ. ಆ ದಿನ ಸೊಪ್ಪು ಹಾಕಬಾರದು, ಮುಟ್ಟಲೂಬಾರದು. ಊರಿನವರೆಲ್ಲ ಒಟ್ಟಿಗೇ ಹುಳ ತರುವುದರಿಂದ, ಹುಳ ಸಾಕುವ ಮನೆಗಳವರೆಲ್ಲ ಸೊಂಟ ನೆಟ್ಟಗೆ ಮಾಡಿಕೊಳ್ಳುವ ದಿನ ಅದು. ಆಂಜಿನಮ್ಮನಿಗೆ ಥಟ್ಟನೆ ಹೊಳೆಯಿತು. ಮಂದಿರ ಗುಡಿಸಿದ್ದ ಎರಡು ದಿನವೂ ತಮ್ಮ ಹುಳ ಜ್ವರಕ್ಕೆ ಕೂತಿತ್ತು! ಗುಡಿಸಿದವರು ಹುಳ ಸಾಕುವವರೇ. ಹರಿತಾಳ ಮನೆಯಲ್ಲಿ ಹುಳ ಎಲ್ಲಿಂದ ಬರಬೇಕು? ಹಾಗಾದರೆ ಊರಿನವರೇ ಯಾರೋ ಬೆನ್ನಿಗೆ ಚೂರಿ ಹಾಕುತ್ತಿದ್ದಾರೆ.

ಮಾರನೆಯ ಮಧ್ಯಾಹ್ನ, "ಪೆರೇಸಂದ್ರದಲ್ಲಿ ಒಬ್ಬರಿಗೆ ಹುಷಾರಿಲ್ಲ, ಪ್ರಾರ್ಥನೆ ಮಾಡಿ ಬರ್ತೀನಿ" ಎಂದು ಎಂದಿನಂತೆ ಮನೆಯಿಂದ ಹೊರಟಳು. ಬಸ್ ಬಂತು, ಹೋಯಿತು. ಅವಳು ಹತ್ತಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಕಾಲ ಕಳೆದು, ಕಳ್ಳ ಹೆಜ್ಜೆಯಲ್ಲಿ ಮಂದಿರದ ಕಡೆ ಬಂದಳು. ಒಳಗೆ ಪೊರಕೆ ಬರಬರ ಸದ್ದು ಮಾಡುತ್ತಿತ್ತು. ಇವತ್ತು ಜುಟ್ಟು ಹಿಡಿದು ಕೇಳಿಯೇಬಿಡುತ್ತೇನೆ ಎಂದು ಮೆಟ್ಟಿಲ ಹತ್ತಿರ ಬಂದವಳು ಅಲ್ಲೇ ನಿಂತಳು. ಹೊರಗೆ ಬಿಟ್ಟಿದ್ದ ಚಪ್ಪಲಿಯ ಎಡಗಾಲಿನದಕ್ಕೆ ಮೊನ್ನೆ ಶಿಡ್ಲಘಟ್ಟದಲ್ಲಿ ಹೊಲಿಗೆ ಹಾಕಿಸಿದ್ದು ಅವಳೇ.

"ನೀನಾ?"

ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದ ಮುನಿಶಾಮಪ್ಪ ಪೊರಕೆಯನ್ನು ಬೆನ್ನ ಹಿಂದೆ ಅಡಗಿಸಿದ. "ಬಸ್ ತಪ್ಪೋಯ್ತಾ?"

"ಬಸ್ಸಿನ ಮಾತು ಬಿಡು. ಈ ಹೊಸಲು ತುಳಿಯಲ್ಲ ಅಂದೋನು ನೀನು. ಮುನೇಶ್ವರನ ಒಕ್ಕಲು. ನಿಂಗ್ಯಾಕೆ ಈ ಕೆಲ್ಸ?"

ಅವನು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. "ಹುಳ ಜ್ವರಕ್ಕೆ ಕೂತ್ರೆ ನಾನು ಕಾಲು ಚಾಚ್ಕೊಂಡು ಬಿದ್ಕೋತೀನಿ. ನೀನು ಅವತ್ತೂ ಬಸ್ ಹತ್ತಿ ಹೋಗ್ತೀಯ, ಬಂದು ಇಲ್ಲಿ ಗುಡಿಸ್ತೀಯ, ಮಂಡಿ ಹಿಡ್ಕೊಂಡು ಮನೆಗೆ ಬರ್ತೀಯ. ನೋಡಕ್ಕಾಗಲ್ಲ ಕಣೇ ನನ್ ಕೈಲಿ. ಬಿಡುವಿದ್ದ ದಿನ ನಾನೇ ಮಾಡಣ ಅಂತ ಬಂದೆ."

ಅವನೇ ಮುಂದುವರಿಸಿದ. "ಮುನೇಶ್ವರಂಗೆ ವರ್ಷಕ್ಕೊಂದು ಕೋಳಿ ಕೊಟ್ರೆ ನನ್ ತಂಟೆಗೆ ಬರಲ್ಲ. ನಿನ್ ಸ್ವಾಮಿ ಭಾಳ ಬಿಗಿ ಕಣೇ. ಇಷ್ಟು ವರ್ಷ ದುಡುದ್ರೂ ಆತಂಗೆ ನಿನ್ ಮೇಲೆ ಇನ್ನೂ ಅನುಮಾನ ಹೋಗಿಲ್ವಾ?"

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹೊಸದರಲ್ಲಿ ಇದೇ ಗಂಡನ ಮುಂದೆ ಕುಣಿದಾಡಿಕೊಂಡು ಹೇಳಿದ್ದಳು: ನಮ್ಮ ಸ್ವಾಮಿ ಕೋಳಿ ಕೇಳಲ್ಲ, ಮುಡಿ ಕೇಳಲ್ಲ, ಸುಮ್ಮನೆ ಮಗಳು ಅಂತಾನೆ. ಮುನಿಶಾಮಪ್ಪ ಅವಳ ಮಾತು ಬಿಟ್ಟು ಅವಳ ಮಂಡಿಯನ್ನು ನೋಡಿದ್ದ. ಒಂಬತ್ತು ವರ್ಷ ನೋಡಿ, ಆ ಸ್ವಾಮಿ ಕೂಲಿಯವರ ಬೆನ್ನು ಬಿಡದ ಯಜಮಾನ ಎಂದು ತಿಳಿದುಕೊಂಡಿದ್ದ. ಅವಳಿಗೆ ನಾಚಿಕೆಯಾಯಿತು, ಅಳು ಬಂತು. ಅನುಮಾನ ಪಟ್ಟಿದ್ದು ಸ್ವಾಮಿಯಲ್ಲ. ಅದು ಹೋಳಿಗೆ ತಿಂದು ಹೋದ ಆ ಮುದುಕಿಯ ಮಾತು. ಅದನ್ನು ಸ್ವಾಮಿಯ ಬಾಯಲ್ಲಿಟ್ಟವಳು ತಾನೇ.

"ಅಳಬೇಡ. ಚಾಪೆ ಸೊಟ್ಟಗಾಯ್ತಾ? ಸರಿ ಮಾಡ್ತೀನಿ" ಎಂದ ಮುನಿಶಾಮಪ್ಪ ಗಾಬರಿಯಿಂದ.

"ಇರ್ಲಿ ಬಿಡು."

ಭಾನುವಾರ ಆಂಜಿನಮ್ಮ ಬರಿಗೈಯಲ್ಲಿ ಬಂದಳು. ಹೊರಗೆ ಚಪ್ಪಲಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಜೋಡಿಸಲೆಂದು ಸೊಂಟ ತಾನಾಗಿ ಬಾಗಿತು. ಹಲ್ಲು ಕಚ್ಚಿಕೊಂಡು ಒಳಗೆ ಹೋದಳು. ಹರಿತಾ ಪಕ್ಕಕ್ಕೆ ಸರಿದು, "ಬನ್ನಿ ಅಮ್ಮ, ಇಲ್ಲಿ ಗೋಡೆ ತಣ್ಣಗಿದೆ" ಎಂದಳು. ಆಂಜಿನಮ್ಮ ಕೈಗಳನ್ನು ಎಲ್ಲಿಡಬೇಕೋ ಗೊತ್ತಾಗದೆ ಮಡಿಲಲ್ಲಿಟ್ಟುಕೊಂಡಳು. ಯಾರಾದರೂ ಏನಾದರೂ ಅನ್ನುತ್ತಾರೇನೋ ಎಂದು ಎಲ್ಲರ ಮುಖವನ್ನೂ ಕದ್ದು ನೋಡಿದಳು. ಯಾರೂ ಇವಳ ಕಡೆ ನೋಡುತ್ತಿರಲಿಲ್ಲ. ಪ್ರಸಂಗದ ನಡುವೆ ಎಲ್ಲೋ ಅವಳ ಬೆನ್ನು ಗೋಡೆಗೆ ಒರಗಿತು.

ಮನೆಗೆ ಬಂದಾಗ ಮುನಿಶಾಮಪ್ಪ ಜ್ವರ ಎದ್ದ ಹುಳಗಳಿಗೆ ಸೊಪ್ಪು ಹಾಕುತ್ತಿದ್ದ. ತಲೆ ಎತ್ತದೆಯೇ ಕೇಳಿದ:

"ಇವತ್ತು ಏನೂ ಮಾಡ್ಲಿಲ್ವಲ್ಲ. ಬೈದ್ನಾ ನಿನ್ ಸ್ವಾಮಿ?"

"ಇಲ್ಲ ಕಣಯ್ಯ" ಎಂದಳು ಆಂಜಿನಮ್ಮ. "ನಾನು ಬಂದು ಕೂತ್ಕೊಳ್ಳಲಿ ಅಂತ ಒಂಬತ್ತು ವರ್ಷದಿಂದ ಕಾಯ್ತಾ ಇದ್ದನಂತೆ."