ಕ್ಯಾಸೆಟ್ಟಿಗೆ ಆರು ನಿಮಿಷ

ಹಳೇ ಕಂಪ್ಯೂಟರ್ ರಿಪೇರಿಯವನು ಬರೆದಂಥ ಆಟ ಭೂಮಂಡಲದಲ್ಲಿ ಇನ್ನೊಂದಿರಲಿಲ್ಲ. ಮೇಲಿಂದ ಇಟ್ಟಿಗೆ ಬೀಳುತ್ತವೆ, ಸಾಲು ತುಂಬಿದರೆ ಮಾಯವಾಗುತ್ತವೆ, ಅಷ್ಟೇ. ಆದರೆ ಅವುಗಳ ನೇರಳೆ ಹೊಳಪು ನೋಡಿದವನಿಗೆ ಮೂರು ದಿನ ಊಟ ಸೇರುತ್ತಿರಲಿಲ್ಲ. ಅದನ್ನು ಬರೆದ ಮುದಿ ಕಂಪ್ಯೂಟರಿಗೆ ಡಿಸ್ಕ್ ಇಲ್ಲ. ಆಟ ಉಳಿಯಬೇಕಾದರೆ ಟೇಪ್ ರೆಕಾರ್ಡರಿಗೆ ವೈರ್ ಸಿಕ್ಕಿಸಿ ಕ್ಯಾಸೆಟ್ಟಿಗೆ ಇಳಿಸಬೇಕು. ಆರು ನಿಮಿಷ. ಅಷ್ಟರಲ್ಲಿ ಮೇಜು ಅಲುಗಿ ಪ್ಲಗ್ ಕಳಚಿ ಕರೆಂಟು ಹೋಯಿತೋ, ಎಂಟು ತಿಂಗಳ ಕೆಲಸ ಹೊಗೆ.

ರೆಕಾರ್ಡ್ ಗುಂಡಿ ಒತ್ತಿದ. ಬಾಗಿಲು ಒದ್ದುಕೊಂಡು ಭಾವ ಬಂದ. ಅಕ್ಕನ ಗಂಡ, ಲಾರಿ ಟೈರ್ ಬಿಚ್ಚುವವನು. ಅಂಗೈ ಒಂದೊಂದೂ ಮೊರದಷ್ಟು.

"ಎಲ್ಲೂ ಕೂರದ ಸೊಟ್ಟ ಇಟ್ಟಿಗೆ ಮೇಲೆ 'ಭಾವ' ಅಂತ ಬರ್ದಿದ್ದೀಯಂತೆ? ನಿಮ್ಮಕ್ಕ ಹೇಳಿದ್ಳು!"

ಮೊದಲ ಗುದ್ದಿಗೇ ಎರಡು ಹಲ್ಲು ಹಾರಿ ಎದುರು ಬೀದಿಯ ಕ್ಷೌರದಂಗಡಿಯ ಕನ್ನಡಿ ಒಡೆದವು. ಎರಡನೆಯದಕ್ಕೆ ಮೂಗು ಕಿವಿಯ ಪಕ್ಕಕ್ಕೆ ವಲಸೆ ಹೋಯಿತು. ರಿಪೇರಿಯವನು ಕೈ ಎತ್ತಲಿಲ್ಲ. ಎರಡೂ ಕೈಯಲ್ಲಿ ಮೇಜನ್ನು ಅವಚಿಕೊಂಡಿದ್ದ. ಆಟ ಕ್ಯಾಸೆಟ್ಟಿಗೆ ಇಳಿಯುತ್ತಿರುವ ಸಂಗತಿ ಗೊತ್ತಾದರೆ ಭಾವ ಮೊದಲು ಒದೆಯುವುದೇ ಮೇಜಿಗೆ.

"ಭಾವಾ, ಈ ಕಡೆಯಿಂದ ಹೊಡೀರಿ. ಕೈ ಬೀಸೋಕೆ ಜಾಗ ಇದೆ."

"ನಂಗೇ ಹೇಳಿಕೊಡ್ತೀಯೇನೋ ಬಡ್ಡಿಮಗನೆ!" ಎಂದರೂ ಭಾವ ಆ ಕಡೆಗೇ ಹೋದ. ನಿಜಕ್ಕೂ ಆರಾಮಾಗಿತ್ತು. ಪಕ್ಕೆಲುಬುಗಳು ಒಣಕಡ್ಡಿಯಂತೆ ಲಟಲಟ ಮುರಿದವು. ರಕ್ತ ಹೊಸ್ತಿಲು ದಾಟಿ ಹರಿಯಿತು. ಬೀದಿನಾಯಿ ಈಜಿಕೊಂಡು ಹೋಗಬೇಕಾಯಿತು.

ಆರು ನಿಮಿಷ ಮುಗಿಯಿತು. ರಿಪೇರಿಯವನು ಟೇಪ್ ಹಿಂದೆ ಸುತ್ತಿ ಹಾಕಿದ. ಆಟ ಇಳಿದಿದ್ದರೆ ಜೀರುಂಡೆಯಂತೆ ಕಿರ್ರೆನ್ನಬೇಕಿದ್ದ ಟೇಪು ಕ್ಷಣಮಾತ್ರ ಕಿರ್ರೆಂದು "ಬಡ್ಡಿಮಗನೆ!" ಎಂದಿತು. ಆಮೇಲೆ ಧಡ್, ಧಡ್, "ಅಯ್ಯಮ್ಮಾ!" ಮೊದಲ ಗುದ್ದಿಗೇ ವೈರ್ ಕಿತ್ತುಬಂದಿತ್ತು, ರೆಕಾರ್ಡರ್ ತನ್ನದೇ ಮೈಕಿನಲ್ಲಿ ಏಟುಗಳನ್ನಷ್ಟೇ ನಿಷ್ಠೆಯಿಂದ ಹಿಡಿದಿತ್ತು.

"ಆಹಾ, ಆ ಮೂರನೇದು ಎಷ್ಟು ಚೆನ್ನಾಗಿ ಬಂದಿದೆಯೋ! ಇನ್ನೊಂದ್ಸಲ ಹಾಕು," ಎಂದ ಭಾವ, ಹೊಟ್ಟೆ ಹಿಡಿದು ನಗುತ್ತ.

ಆಟ ಇನ್ನೂ ಪರದೆಯ ಮೇಲಿತ್ತು. ಮತ್ತೆ ಆರು ನಿಮಿಷ ಬೇಕಿತ್ತು. ಅಷ್ಟಕ್ಕೆ ಸಾಲುವಷ್ಟು ಪಕ್ಕೆಲುಬು ಉಳಿದಿರಲಿಲ್ಲ.

"ತಪ್ಪು ತಿಳ್ಕೋಬೇಡಿ ಭಾವ," ಎಂದು ರಿಪೇರಿಯವನು ಕೆಟ್ಟ ಮಾನಿಟರೊಂದನ್ನು ಎತ್ತಿ ಅವನ ನೆತ್ತಿಗೆ ಅಪ್ಪಳಿಸಿದ. ಏಳು ಬೀದಿ ನಡುಗಿದವು, ಮೇಜೊಂದನ್ನು ಬಿಟ್ಟು. ವೈರನ್ನು ಹೆಬ್ಬೆರಳಲ್ಲಿ ಅದುಮಿ ಹಿಡಿದು, ರೆಕಾರ್ಡ್ ಒತ್ತಿ, ಭಾವನ ಎದೆಯ ಮೇಲೆ ಕೂತ.

ನಾಲ್ಕನೇ ನಿಮಿಷಕ್ಕೆ ಕೆಳಗಿನಿಂದ ಒಂದು ಕಣ್ಣು ತೆರೆಯಿತು.

"ಎಲ್ಲಿದ್ದೀನೋ ನಾನು?"

"ಇನ್ನೆರಡೇ ನಿಮಿಷ ಭಾವ, ಮಲಗಿರಿ," ಎಂದು ವಿನಯದಿಂದ ಹೇಳಿ, ಕೀಬೋರ್ಡೊಂದನ್ನು ಎತ್ತಿಕೊಂಡ.